ಬ್ರಿಟನ್ನಿನ ಮೋಟಾರು ಕೈಗಾರಿಕೆಯ ಏಳುಬೀಳು

ಬ್ರಿಟನ್ನಿನ ಮೋಟಾರು ಕೈಗಾರಿಕೆಯ ಅವನತಿಯನ್ನು ಕುರಿತು ಬರೆಯುವವರು ಬಹುಮಟ್ಟಿಗೆ 1970ರ ದಶಕದಿಂದಲೇ ಕಥೆಯನ್ನು ಆರಂಭಿಸುತ್ತಾರೆ. ಮುಷ್ಕರ ಹೂಡಿ ಕಾರ್ಖಾನೆಯ ಬಾಗಿಲಲ್ಲಿ ನಿಂತ ಕೆಲಸಗಾರರು, ಕೊಳ್ಳುವವರಿಗೆ ಬೇಡವಾದ ಕಳಪೆ ಗಾಡಿಗಳು, ಸರ್ಕಾರದ ಬೊಕ್ಕಸದಿಂದ ಹರಿದ ಹಣ, ಈ ಚಿತ್ರ ಎಲ್ಲರಿಗೂ ಪರಿಚಿತವಾದುದು. ಇದು ಸುಳ್ಳೆಂದು ಹೇಳುವಂತಿಲ್ಲ. ಆದರೆ ಮರ ಉರುಳಿದ ದಿನ ಬೀಸಿದ ಗಾಳಿಯನ್ನು ದೂರುವವರು ಬೇರಿಗೆ ಎಂದೋ ಹತ್ತಿದ್ದ ಗೆದ್ದಲನ್ನೂ ನೋಡಬೇಕಷ್ಟೆ. ಈ ಕೈಗಾರಿಕೆಯ ದೌರ್ಬಲ್ಯಗಳು ಬಲಿತದ್ದು ಅದರ ಕಷ್ಟಕಾಲದಲ್ಲಲ್ಲ, ಸಮೃದ್ಧಿಯ ಕಾಲದಲ್ಲಿ. 1945ರಿಂದ 1960ರವರೆಗಿನ ಹದಿನೈದು ವರ್ಷಗಳೇ ನಿರ್ಣಾಯಕವಾದುವು ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸಿದೆ.

ಕೈಗಾರಿಕೆಯ ಹುಟ್ಟು 1896ರಷ್ಟು ಹಳೆಯದು. ರಸ್ತೆಯಲ್ಲಿ ಓಡುವ ಯಂತ್ರದ ಮುಂದೆ ಒಬ್ಬ ಮನುಷ್ಯ ನಡೆದುಹೋಗಬೇಕೆಂಬ ಹಳೆಯ ನಿಬಂಧನೆಯಿಂದ ಲಘುವಾದ ಮೋಟಾರು ಗಾಡಿಗಳಿಗೆ ಬಿಡುಗಡೆಯಾದುದು ಆ ವರ್ಷ. ಡೈಮ್ಲರ್ ಸಂಸ್ಥೆ ಕವೆಂಟ್ರಿಯಲ್ಲಿ ನೆಲೆಯೂರಿದ್ದೂ ಅದೇ ವರ್ಷ. ಕವೆಂಟ್ರಿಯಲ್ಲಿ ಆ ವೇಳೆಗೆ ಗಡಿಯಾರ, ಹೊಲಿಗೆ ಯಂತ್ರ, ಬೈಸಿಕಲ್ಲುಗಳ ಕಸಬು ಬೇರೂರಿತ್ತು. ನೆರೆಯ ಬರ್ಮಿಂಗ್‌ಹ್ಯಾಮಿನಲ್ಲಿ ಲೋಹದ ಕೆಲಸದ ನೂರಾರು ಕಮ್ಮಟಗಳಿದ್ದವು. ಹೀಗೆ ನುರಿತ ಕೈಗಳು ಹೇರಳವಾಗಿದ್ದ ಕಡೆ ಸಣ್ಣ ಸಣ್ಣ ಸಂಸ್ಥೆಗಳು ಹುಟ್ಟಿಕೊಂಡವು. 1905ರಲ್ಲಿ ಹರ್ಬರ್ಟ್ ಆಸ್ಟಿನ್ ಲಾಂಗ್‌ಬ್ರಿಜ್‌ನಲ್ಲಿ ತನ್ನ ಕಾರ್ಖಾನೆಯನ್ನು ತೆರೆದನು. ಆಕ್ಸ್‌ಫರ್ಡಿನಲ್ಲಿ ಬೈಸಿಕಲ್ಲು ರಿಪೇರಿಯಿಂದ ಬದುಕನ್ನು ಆರಂಭಿಸಿದ್ದ ವಿಲಿಯಂ ಮಾರಿಸ್, 1913ರಲ್ಲಿ ಸಮೀಪದ ಕೌಲಿಯಲ್ಲಿ ಗಾಡಿಗಳ ತಯಾರಿಕೆಗೆ ಕೈಹಾಕಿದನು. ಎಂಜಿನ್ನು, ಚಕ್ರ, ಮೈಕಟ್ಟು ಎಲ್ಲವನ್ನೂ ಬೇರೆಯವರಿಂದ ಕೊಂಡು ಜೋಡಿಸುವುದು ಅವನ ಕ್ರಮ. 1921ರ ಹಿಂಜರಿತದಲ್ಲಿ ಇತರರು ಕೈಚೆಲ್ಲಿ ಕುಳಿತಿದ್ದಾಗ, ಮಾರಿಸ್ ತನ್ನ ಗಾಡಿಯ ಬೆಲೆಯನ್ನು ಒಂದೇ ಸಲಕ್ಕೆ 100 ಪೌಂಡು ಇಳಿಸಿದನು. 1925ರಲ್ಲಿ ಅವನ ಉತ್ಪಾದನೆ 50,000 ಗಾಡಿಗಳನ್ನು ದಾಟಿತು.

ಈ ಏಳಿಗೆಗೆ ಇಬ್ಬರ ಸಾಹಸ ಮಾತ್ರ ಕಾರಣವಲ್ಲ. 1915ರಲ್ಲಿ ವಿಧಿಸಿದ ಮೆಕೆನ್ನಾ ಸುಂಕ ಹೊರದೇಶದ ಗಾಡಿಗಳ ಮೇಲೆ ಶೇಕಡ 33ಕ್ಕೂ ಮಿಕ್ಕಿದ ಭಾರವನ್ನು ಹೊರಿಸಿತು. ಅದಕ್ಕಿಂತ ಕುತೂಹಲಕರವಾದುದು 1921ರಿಂದ ಜಾರಿಗೆ ಬಂದ ಅಶ್ವಶಕ್ತಿ ತೆರಿಗೆ. ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡು. ಆದರೆ ಆ ಅಶ್ವಶಕ್ತಿ ಎಂಜಿನ್ನಿನ ನಿಜವಾದ ಬಲವಲ್ಲ. ಸಿಲಿಂಡರುಗಳ ಸಂಖ್ಯೆ ಮತ್ತು ವ್ಯಾಸಗಳಿಂದ ಮಾತ್ರ ಕಟ್ಟಿದ ಲೆಕ್ಕ. ದೊಡ್ಡ ಸಿಲಿಂಡರುಗಳ ಫೋರ್ಡ್ ಟಿ ಗಾಡಿಗೆ 22 ಪೌಂಡಿಗೂ ಮೇಲೆ ತೆರಿಗೆ ಬಿದ್ದರೆ, 1922ರಲ್ಲಿ ಬಂದ ಆಸ್ಟಿನ್ ಸೆವೆನ್ನಿಗೆ ಎಂಟು ಪೌಂಡಷ್ಟೇ. ತೆರಿಗೆಯನ್ನು ತಪ್ಪಿಸಿಕೊಳ್ಳುವುದಕ್ಕಾಗಿ ತಯಾರಕರು ಸಿಲಿಂಡರಿನ ವ್ಯಾಸವನ್ನು ಕುಗ್ಗಿಸಿ ಪಿಸ್ಟನ್ನಿನ ಓಟವನ್ನು ಹೆಚ್ಚಿಸಿದರು. ಅಗ್ಗದ ಅಮೆರಿಕನ್ ಗಾಡಿಯನ್ನು ದೂರವಿಡುವುದರಲ್ಲಿ ಈ ಉಪಾಯ ಫಲಿಸಿತು. ಆದರೆ ಇಂಗ್ಲೆಂಡಿನ ತೆರಿಗೆಗೆ ತಕ್ಕಂತೆ ರೂಪುಗೊಂಡ ಎಂಜಿನ್ನು ಆಸ್ಟ್ರೇಲಿಯ ಅಥವಾ ಆಫ್ರಿಕದ ಉದ್ದವಾದ ಒರಟು ಹಾದಿಗಳಿಗೆ ಹೊಂದುವಂಥದಾಗಿರಲಿಲ್ಲ. ಗುಮಾಸ್ತೆಯ ಕಾಗದದ ಮೇಲಿನ ಒಂದು ಸೂತ್ರ ಇಡೀ ಕೈಗಾರಿಕೆಯ ಯಂತ್ರಶಿಲ್ಪವನ್ನು ಕಾಲು ಶತಮಾನ ಕಾಲ ಹಿಡಿದಿಟ್ಟಿತೆಂಬುದು ಆಡಳಿತದ ಇತಿಹಾಸವನ್ನು ಓದುವವರು ಗಮನಿಸಬೇಕಾದ ಸಂಗತಿ. ತೆರಿಗೆಯ ಈ ಕ್ರಮ ಬದಲಾದುದು 1940ರ ದಶಕದ ಕೊನೆಯಲ್ಲಿ.

ಯುದ್ಧ ಮುಗಿದಾಗ ಬ್ರಿಟನ್ನಿನ ಅದೃಷ್ಟವೇ ತೆರೆದಂತಾಯಿತು. ಜರ್ಮನಿ ನೆಲಕಚ್ಚಿತ್ತು, ಫ್ರಾನ್ಸ್ ಮತ್ತು ಇಟಲಿಗಳು ಚೇತರಿಸಿಕೊಂಡಿರಲಿಲ್ಲ, ಅಮೆರಿಕ ತನ್ನ ಜನರ ಬೇಡಿಕೆಯನ್ನು ಪೂರೈಸುವುದರಲ್ಲಿ ಮುಳುಗಿತ್ತು. ಇತ್ತ ಸಾಲದಲ್ಲಿದ್ದ ಲಂಡನ್ನಿನ ಸರ್ಕಾರಕ್ಕೆ ಡಾಲರು ಬೇಕಾಗಿತ್ತು. ಆದುದರಿಂದ ರಫ್ತು ಮಾಡಿದವರಿಗೇ ಉಕ್ಕು ಎಂಬ ನಿಯಮವನ್ನು ಹಾಕಿತು. 1950ರಲ್ಲಿ ತಯಾರಾದ 5 ಲಕ್ಷ 22 ಸಾವಿರ ಕಾರುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಹೊರದೇಶಗಳಿಗೆ ಹೋದುವು. ಕಾರುಗಳ ರಫ್ತಿನಲ್ಲಿ ಆಗ ಬ್ರಿಟನ್ ಜಗತ್ತಿನಲ್ಲೇ ಮೊದಲನೆಯದು.

ಮೇಲ್ನೋಟಕ್ಕೆ ಇದು ವೈಭವದ ಕಾಲ. ಆದರೆ ಏನನ್ನು ಕೊಟ್ಟರೂ ಕೊಳ್ಳುವವರಿದ್ದ ಕಾಲದಲ್ಲಿ ತಯಾರಕನಿಗೆ ಕಲಿಯುವ ಅಗತ್ಯವೇ ತೋರುವುದಿಲ್ಲ. ಗಾಡಿಯನ್ನು ಹಡಗಿಗೆ ಹತ್ತಿಸಿದರೆ ಹೊಣೆ ಮುಗಿಯಿತೆಂದು ಭಾವಿಸಿದವರು ಬಹಳ ಮಂದಿ. ಕೊಂಡವನಿಗೆ ಬಿಡಿಭಾಗ, ರಿಪೇರಿ ಒದಗುವ ವ್ಯವಸ್ಥೆಯನ್ನು ಅಷ್ಟೇ ಶ್ರದ್ಧೆಯಿಂದ ಕಟ್ಟಲಿಲ್ಲ. ಇದೇ ಕಾಲದಲ್ಲಿ ಬ್ರಿಟಿಷರ ಆಡಳಿತಕ್ಕೆ ಸೇರಿದ್ದ ಜರ್ಮನಿಯ ವುಲ್ಫ್‌ಸ್‌ಬರ್ಗಿನಲ್ಲಿ, ಬಾಂಬಿಗೆ ತುತ್ತಾಗಿದ್ದ ಫೋಕ್ಸ್‌ವ್ಯಾಗನ್ ಕಾರ್ಖಾನೆಯನ್ನು ಮೇಜರ್ ಐವನ್ ಹರ್ಸ್ಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಮತ್ತೆ ನಡೆಯುವಂತೆ ಮಾಡಿದ್ದನು. ಅದನ್ನು ಪರೀಕ್ಷಿಸಿದ ಬ್ರಿಟಿಷ್ ಉದ್ಯಮಿಗಳಿಗೆ ಆ ಗಾಡಿಯಲ್ಲಿ ಯಾವ ಗುಣವೂ ಕಾಣಲಿಲ್ಲ. 1949ರಲ್ಲಿ ಕಾರ್ಖಾನೆ ಜರ್ಮನರ ವಶಕ್ಕೆ ಮರಳಿತು. ಒಂದೇ ಬಗೆಯ ಗಾಡಿ, ಅದರ ಹಿಂದೆಯೇ ರಿಪೇರಿಯ ವ್ಯವಸ್ಥೆ: ಈ ನೀತಿಯಿಂದ ಫೋಕ್ಸ್‌ವ್ಯಾಗನ್ ಬೆಳೆಯಿತು. 1950ರ ದಶಕ ಮುಗಿಯುವುದರೊಳಗೆ ಕಾರುಗಳ ರಫ್ತಿನಲ್ಲಿ ಜರ್ಮನಿ ಬ್ರಿಟನ್ನನ್ನು ಹಿಂದೆ ಹಾಕಿತ್ತು.

1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಸಂಸ್ಥೆಗಳು ಸೇರಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದರೆ ಬಿ.ಎಂ.ಸಿ., ಆಯಿತು. ಸೇರಿತು ಎಂಬ ಮಾತನ್ನು ಇಲ್ಲಿ ಎಚ್ಚರಿಕೆಯಿಂದ ಬಳಸಬೇಕು. ಕಾರ್ಖಾನೆಗಳು ಹಾಗೆಯೇ ಉಳಿದುವು. ಎರಡು ಕಡೆಯ ಮಾರಾಟಗಾರರೂ ಉಳಿದರು. ಒಂದೇ ಗಾಡಿಗೆ ಎರಡು ಹೆಸರು ಅಂಟಿಸಿ ಇಬ್ಬರಿಗೂ ಹಂಚಲಾಯಿತು. 1959ರಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿಯೇ ಆಸ್ಟಿನ್ ಸೆವೆನ್ ಎಂದೂ ಮಾರಿಸ್ ಮಿನಿ ಮೈನರ್ ಎಂದೂ ಎರಡು ಅವತಾರಗಳಲ್ಲಿ ಬಂದಿತು. ಎಂಜಿನ್ನನ್ನು ಅಡ್ಡಲಾಗಿ ಇರಿಸಿ ಮುಂದಿನ ಚಕ್ರಗಳನ್ನು ತಿರುಗಿಸುವ ಅದರ ವಿನ್ಯಾಸವನ್ನು ಮುಂದೆ ಜಗತ್ತೇ ಅನುಸರಿಸಿತು. ಪ್ರತಿಭೆಯ ಕೊರತೆಯಿಂದ ಈ ಕೈಗಾರಿಕೆ ಕೆಟ್ಟಿತೆನ್ನುವವರಿಗೆ ಮಿನಿಯೇ ಉತ್ತರ. ಆದರೆ ತೆರಿಗೆಯೂ ಸೇರಿ 500 ಪೌಂಡಿಗೂ ಕಡಮೆಯಾಗಿದ್ದ ಅದರ ಬೆಲೆ? ಫೋರ್ಡ್ ಸಂಸ್ಥೆಯವರು ಒಂದು ಮಿನಿಯನ್ನು ಕೊಂಡು, ಕಳಚಿ, ಬಿಡಿಭಾಗಗಳಿಗೆ ಬೆಲೆ ಕಟ್ಟಿ, ಒಂದೊಂದು ಗಾಡಿಯಲ್ಲಿಯೂ ಸುಮಾರು 30 ಪೌಂಡು ನಷ್ಟವಾಗುತ್ತಿರಬೇಕೆಂದು ಗುಣಿಸಿದರು. ಬಿ.ಎಂ.ಸಿ.ಯವರು ಇದನ್ನು ಒಪ್ಪಲಿಲ್ಲ. ಆ ಮೊತ್ತ ಎಷ್ಟು ನಿಖರವೆಂಬ ಚರ್ಚೆ ಇರಲಿ. ಪ್ರತಿಸ್ಪರ್ಧಿ ಹಾಕಿದಷ್ಟು ಬಿಗಿಯಾದ ಲೆಕ್ಕವನ್ನು ತಯಾರಿಸಿದವರೇ ಹಾಕಿರಲಿಲ್ಲವೆಂಬುದು ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ.

ಕೂಲಿಯ ವಿಷಯದಲ್ಲಿಯೂ ಇದೇ ಉದಾಸೀನ. ಮಿಡ್‌ಲೆಂಡ್ಸ್ ಪ್ರಾಂತದ ಕಾರ್ಖಾನೆಗಳಲ್ಲಿ ದಿನಗೂಲಿಯಲ್ಲ, ಮಾಡಿದ ತುಂಡಿಗೆ ಇಷ್ಟೆಂದು ಕೂಲಿ. ಕೆಲಸ ತಾನಾಗಿಯೇ ನಡೆಯುವುದೆಂದು ಒಡೆಯರು ಮೇಲ್ವಿಚಾರಣೆಯನ್ನೇ ಸಡಿಲಬಿಟ್ಟರು. ಹೊಸ ಗಾಡಿ ಬಂದಾಗಲೆಲ್ಲ ಪ್ರತಿಯೊಂದು ಕೆಲಸದ ದರವನ್ನೂ ಹೊಸದಾಗಿ ಗೊತ್ತುಮಾಡಬೇಕು. ಅದಕ್ಕಾಗಿ ಪ್ರತಿಯೊಂದು ಮೂಲೆಯಲ್ಲಿಯೂ ಚೌಕಾಶಿ, ಜಗಳ. ಬೇಡಿಕೆಯಿದ್ದ ಕಾಲದಲ್ಲಿ ಕೇಳಿದ್ದನ್ನು ಕೊಟ್ಟು ಬಾಯಿ ಮುಚ್ಚಿಸುವುದೇ ಒಡೆಯರಿಗೆ ಲಾಭವಾಗಿತ್ತು. 1970ರ ದಶಕದಲ್ಲಿ ಈ ಪದ್ಧತಿಯನ್ನು ತೆಗೆದುಹಾಕಿದಾಗ, ಕೆಲಸವನ್ನು ನಡೆಸಲು ಬಲ್ಲ ಮೇಲ್ವಿಚಾರಕರೇ ಸಾಕಷ್ಟಿರಲಿಲ್ಲ. ಕೆಲಸಗಾರರ ಸಂಘಗಳು ನಿರ್ದೋಷಿಗಳೆಂದು ನಾನು ಹೇಳುತ್ತಿಲ್ಲ. ಒಂದೇ ಕಾರ್ಖಾನೆಯಲ್ಲಿ ಹಲವು ಸಂಘಗಳು ಪರಸ್ಪರ ಹೋರಾಡಿದ್ದೂ ಉಂಟು. ಆದರೆ ಆ ಅಂಗಳವನ್ನು ಅವರಿಗೆ ಬಿಟ್ಟುಕೊಟ್ಟವರು ಯಾರು?

ಉಳಿದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಸರ್ಕಾರ ಒಮ್ಮೆ ಕಂತಿನ ಖರೀದಿಯನ್ನು ಬಿಗಿಮಾಡಿ ಒಮ್ಮೆ ಸಡಿಲಿಸಿ ಮಾರುಕಟ್ಟೆಯನ್ನು ತೂಗುಯ್ಯಾಲೆ ಮಾಡಿತು. ನಿರುದ್ಯೋಗವಿದ್ದ ದೂರದ ಜಿಲ್ಲೆಗಳಿಗೆ ಹೊಸ ಕಾರ್ಖಾನೆಗಳನ್ನು ಒತ್ತಾಯದಿಂದ ಕಳುಹಿಸಿತು. ಸ್ಕಾಟ್ಲೆಂಡಿನ ಲಿನ್‌ವುಡ್‌ನಲ್ಲಿ 1963ರಲ್ಲಿ ತೆರೆದ ಕಾರ್ಖಾನೆ 1981ರಲ್ಲಿ ಮುಚ್ಚಿತು. 1968ರಲ್ಲಿ ಸರ್ಕಾರದ ಉತ್ತೇಜನದಿಂದ ಬ್ರಿಟಿಷ್ ಲೇಲ್ಯಾಂಡ್ ಎಂಬ ಬೃಹತ್ ಸಂಸ್ಥೆ ಹುಟ್ಟಿತು. ಆರೋಗ್ಯವಂತನನ್ನು ರೋಗಿಯ ಹಾಸಿಗೆಯಲ್ಲಿ ಮಲಗಿಸಿದರೆ ರೋಗಿ ಗುಣವಾಗುವನೆಂಬ ನಂಬಿಕೆ ಇದರ ಹಿಂದೆ ಇದ್ದಂತೆ ಕಾಣುತ್ತದೆ. 1972ರಲ್ಲಿ ದೇಶದ ಉತ್ಪಾದನೆ 19 ಲಕ್ಷ ಕಾರುಗಳನ್ನು ದಾಟಿ ಶಿಖರವನ್ನು ಮುಟ್ಟಿತು. ಮಾರನೆಯ ವರ್ಷ ಐರೋಪ್ಯ ಸಮುದಾಯದ ಬಾಗಿಲು ತೆರೆಯಿತು, ತೈಲದ ಬೆಲೆ ಏರಿತು. 1975ರಲ್ಲಿ ಲೇಲ್ಯಾಂಡ್ ಸರ್ಕಾರದ ಪಾಲಾಯಿತು. 1982ರ ಉತ್ಪಾದನೆ 9 ಲಕ್ಷಕ್ಕೂ ಕಡಮೆ. ಅದೇ ಸಂಸ್ಥೆಯ ಕೊನೆಯ ಉತ್ತರಾಧಿಕಾರಿಯಾದ ಎಂ.ಜಿ. ರೋವರ್ 2005ರ ಏಪ್ರಿಲಿನಲ್ಲಿ ಲಾಂಗ್‌ಬ್ರಿಜ್‌ನಲ್ಲಿ ಕುಸಿಯಿತು. ಇತ್ತ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿ ಅಂಬಾಸಿಡರ್ ಎಂಬ ಹೆಸರಿನಲ್ಲಿ ನಮ್ಮ ಉತ್ತರಪಾಡಾದಲ್ಲಿ 2014ರವರೆಗೂ ತಯಾರಾಗುತ್ತಿತ್ತು. ಮಗು ತಾಯಿಗಿಂತ ಒಂಬತ್ತು ವರ್ಷ ಹೆಚ್ಚು ಬಾಳಿತು.

ಇನ್ನೊಂದು ಸಾಕ್ಷ್ಯವನ್ನು ಪರಿಶೀಲಿಸಬೇಕು. 1975ರ ಕೊನೆಯಲ್ಲಿ ಮಂತ್ರಿಮಂಡಲದ ನೀತಿ ಪರಿಶೀಲನಾ ತಂಡವೊಂದು ವರದಿಯನ್ನೊಪ್ಪಿಸಿ, ಅದೇ ಯಂತ್ರ, ಅದೇ ಕೆಲಸವಿದ್ದರೂ ಜೋಡಣೆಯಲ್ಲಿ ಬ್ರಿಟಿಷ್ ಕೆಲಸಗಾರನ ಉತ್ಪಾದನೆ ಯೂರೋಪಿನವನದರ ಅರ್ಧವೆಂದು ಹೇಳಿತು. ಇದನ್ನು ಕೆಲಸಗಾರನ ಸ್ವಭಾವದ ಮೇಲಿನ ತೀರ್ಪೆಂದು ಓದಿದವರು ಅನೇಕರು. ಹನ್ನೊಂದು ವರ್ಷಗಳ ತರುವಾಯ, 1986ರಲ್ಲಿ, ಜಪಾನಿನ ನಿಸ್ಸಾನ್ ಸಂಸ್ಥೆ ಸಂಡರ್‌ಲೆಂಡಿನಲ್ಲಿ ಕಾರ್ಖಾನೆ ತೆರೆಯಿತು. ಕೆಲಸಕ್ಕೆ ಸೇರಿದವರು ಬ್ರಿಟನ್ನಿನ ಈಶಾನ್ಯ ಮೂಲೆಯವರು. ಹಡಗು ಕಟ್ಟುವುದೂ ಕಲ್ಲಿದ್ದಲ ಗಣಿಯೂ ಅವರ ಸೀಮೆಯ ಹಳೆಯ ಕಸಬುಗಳು. ಸಂಘ ಒಂದೇ, ಮೇಲ್ವಿಚಾರಕನಿಗೆ ತನ್ನ ಕೆಲಸ ತಿಳಿದಿತ್ತು. 1990ರ ದಶಕ ಮುಗಿಯುವ ವೇಳೆಗೆ ತಲಾ ಉತ್ಪಾದನೆಯಲ್ಲಿ ಯೂರೋಪಿನ ಕಾರ್ಖಾನೆಗಳಿಗೆಲ್ಲ ಅದೇ ಮೊದಲನೆಯದಾಗಿತ್ತು. ಕೌಲಿಯಲ್ಲಿ ಇಂದಿಗೂ ಮಿನಿ ಎಂಬ ಹೆಸರಿನ ಗಾಡಿ ತಯಾರಾಗುತ್ತದೆ; ಅದರ ಒಡೆತನ ಮ್ಯೂನಿಕ್ಕಿನ ಬಿ.ಎಂ.ಡಬ್ಲ್ಯು. ಸಂಸ್ಥೆಯದು. ಜಾಗ್ವಾರ್, ಲ್ಯಾಂಡ್ ರೋವರುಗಳನ್ನು 2008ರಲ್ಲಿ ಫೋರ್ಡಿನಿಂದ ಕೊಂಡವರು ನಮ್ಮ ಟಾಟಾ ಸಂಸ್ಥೆಯವರು.