ಎರಡನೇ ಆಟ

ನಂಜನಗೂಡು ಸೀಮೆಯ ನಮ್ಮ ಹೆಮ್ಮರಗಾಲಕ್ಕೆ ಜನ ಬರುವುದೇ ಮಕ್ಕಳ ಭಾಗ್ಯ ಬೇಡಿಕೊಂಡು. ಇಲ್ಲಿನ ದೇವರ ಹೆಸರೇ ಸಂತಾನ ವೇಣುಗೋಪಾಲ. ಇಂಥ ಸೀಮೆಯಲ್ಲಿ ಭೈರಪ್ಪನವರ ‘ವಂಶವೃಕ್ಷ’ವನ್ನು ಕಟ್ಟುಕಥೆ ಅಂತ ಯಾರೂ ಓದಲಿಲ್ಲ. ಅದರಲ್ಲಿ ಬರುವ ಶ್ರೀನಿವಾಸ ಶ್ರೋತ್ರಿಗಳ ಮನೆ ನಂಜನಗೂಡಲ್ಲಿ ಯಾವುದಿರಬಹುದು ಅಂತ ಹುಡುಕುವವರನ್ನು ನಾನೇ ಕಂಡಿದ್ದೇನೆ. ಆ ಕಾದಂಬರಿಯನ್ನು ಸಿನಿಮಾ ಮಾಡಿಸಿದವರೂ ನಂಜನಗೂಡಿನವರೇ: 1917ರಲ್ಲಿ ಅಲ್ಲಿ ಹುಟ್ಟಿದ ಜಿ.ವಿ. ಅಯ್ಯರ್.

ಅಯ್ಯರ್ ಹುಡುಗನಾಗಿದ್ದಾಗಲೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದವರು. 1943ರ ‘ರಾಧಾರಮಣ’ದಲ್ಲಿ ಬಣ್ಣ ಹಚ್ಚಿದರು. ಮುಂದೆ ಹಾಡು ಬರೆದರು, ಮಾತು ಬರೆದರು. 1960ರಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಜೊತೆ ಸೇರಿ ‘ರಣಧೀರ ಕಂಠೀರವ’ ತೆಗೆದರು. ‘ಭೂದಾನ’, ‘ಪೋಸ್ಟ್ ಮಾಸ್ಟರ್’, ‘ಮೈಸೂರು ಟಾಂಗಾ’ ಅಂತ ನಿರ್ದೇಶನವೂ ನಡೆಯಿತು. ಅಷ್ಟಕ್ಕೇ ನಿಂತಿದ್ದರೂ ಒಂದು ಜನ್ಮಕ್ಕೆ ಸಾಕಿತ್ತು.

ಐವತ್ತು ದಾಟಿದ ಮನುಷ್ಯ ‘ವಂಶವೃಕ್ಷ’ಕ್ಕೆ ಕೈಹಾಕಿದಾಗ ತಾನು ನಿರ್ದೇಶಕನಾಗಲಿಲ್ಲ. ಆ ಕೆಲಸವನ್ನು ಗಿರೀಶ ಕಾರ್ನಾಡ, ಬಿ.ವಿ. ಕಾರಂತ ಇಬ್ಬರಿಗೆ ಬಿಟ್ಟು, ನಿರ್ಮಾಪಕನಾಗಿ ಪಕ್ಕಕ್ಕೆ ನಿಂತರು. ನನಗೆ ಅವರ ದೊಡ್ಡತನ ಕಾಣುವುದು ಇಲ್ಲೇ. ಇಪ್ಪತ್ತೆಂಟು ವರ್ಷ ಚಿತ್ರರಂಗದಲ್ಲಿ ಪಳಗಿದವರು ಹೊಸಬರಿಗೆ ಕುರ್ಚಿ ಬಿಟ್ಟುಕೊಡುವುದುಂಟೇ? 1971ರ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಆ ಇಬ್ಬರಿಗೇ ಬಂತು.

ಕಾರಂತರೂ ಗುಬ್ಬಿ ಕಂಪನಿಯ ಹುಡುಗನೇ. ಅವರನ್ನು ಎಂ.ಎ. ಓದಲು ಕಾಶಿಗೆ ಕಳಿಸಿದವರು ಸ್ವತಃ ವೀರಣ್ಣ. ಅಲ್ಲಿ ಓಂಕಾರನಾಥ ಠಾಕೂರರ ಸಂಗೀತ, ಆಮೇಲೆ ದೆಹಲಿಯ ನಾಟಕ ಶಾಲೆ. ಒಬ್ಬ ಹುಡುಗನಿಗೆಂದು ವೀರಣ್ಣ ಕೊಟ್ಟದ್ದು ಸುತ್ತಿಬಳಸಿ ಬಂದು, ಅದೇ ಕಂಪನಿಯ ಇನ್ನೊಬ್ಬ ಹುಡುಗನ ನಡುವಯಸ್ಸಿನ ದಾರಿಯನ್ನೇ ತಿರುಗಿಸಿತು. ಅಕ್ಟೋಬರ್ 1972ರಲ್ಲಿ ವೀರಣ್ಣ ತೀರಿಕೊಂಡರು.

ಮೂರು ವರ್ಷದ ನಂತರ ಅಯ್ಯರ್ ತಾವೇ ನಿರ್ದೇಶಿಸಿದ ‘ಹಂಸಗೀತೆ’ ಬಂತು. ತ.ರಾ.ಸು. ಅವರ ಈ ಕಾದಂಬರಿ ಅದಾಗಲೇ ಹಿಂದಿಯಲ್ಲಿ ‘ಬಸಂತ್ ಬಹಾರ್’ ಆಗಿತ್ತು. ಅಯ್ಯರ್ ಅದನ್ನು ಚಿತ್ರದುರ್ಗದ ಕಲ್ಲಿಗೇ ವಾಪಸು ತಂದರು. ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತನಾಗ್. ಹಾಡಿದ ಬಾಲಮುರಳಿಕೃಷ್ಣರಿಗೆ ರಾಷ್ಟ್ರಪ್ರಶಸ್ತಿ. ಕಂಪನಿ ನಾಟಕದಲ್ಲಿ ಹಾಡು ಕಥೆಯನ್ನು ತಡೆದು ನಿಲ್ಲಿಸುತ್ತಿತ್ತು. ಇಲ್ಲಿ ಹಾಡೇ ಕಥೆ.

1983ರ ‘ಆದಿ ಶಂಕರಾಚಾರ್ಯ’ ಮೊದಲ ಸಂಸ್ಕೃತ ಚಿತ್ರ. ಆ ಚಿತ್ರದ ಬಿಗಿ ಆಮೇಲಿನ ‘ಮಧ್ವಾಚಾರ್ಯ’, ‘ರಾಮಾನುಜಾಚಾರ್ಯ’ಗಳಲ್ಲಿ ಸಡಿಲವಾಯಿತೆಂದು ನನ್ನ ಎಣಿಕೆ. ನಮ್ಮ ಕಡೆಯ ಹಿರಿಯರು ಇದನ್ನು ಒಪ್ಪುವುದಿಲ್ಲ. ‘ಭಗವದ್ಗೀತಾ’ ಮುಗಿಸಿ, ಎಂಬತ್ತರ ಹೊತ್ತಿಗೆ ‘ಸ್ವಾಮಿ ವಿವೇಕಾನಂದ’ವನ್ನೂ ತೆರೆಗೆ ತಂದರು. ಕಾರಂತರು 2002ರಲ್ಲಿ ಹೋದರು, ಅಯ್ಯರ್ ಮರುವರ್ಷ ಮುಂಬಯಿಯಲ್ಲಿ.