ಕರಾಳ ಅಪರಾಧ ಸಾಹಿತ್ಯದಲ್ಲಿ ಸ್ತ್ರೀಹಿಂಸೆಯ ಚಿತ್ರಣ

ಕರಾಳ ಅಪರಾಧ ಸಾಹಿತ್ಯವು ಪತ್ತೇದಾರಿ ಕಥೆಯ ವಂಶದಲ್ಲಿ ಹುಟ್ಟಿ, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದಲ್ಲಿ ಸ್ವತಂತ್ರ ರೂಪವನ್ನು ತಳೆದ ಕಥನಪ್ರಕಾರ. ಅಪರಾಧಿಯನ್ನು ಬುದ್ಧಿಬಲದಿಂದ ಕಂಡುಹಿಡಿದು ಕದಡಿದ ಲೋಕವನ್ನು ಮತ್ತೆ ತಿಳಿಗೊಳಿಸುವುದು ಸಾಂಪ್ರದಾಯಿಕ ಪತ್ತೇದಾರಿ ಕಥೆಯ ಧರ್ಮವಾದರೆ, ನಗರಜೀವನದ ಲೋಭ, ಕಾಮ, ಕ್ರೌರ್ಯಗಳನ್ನು ಯಾವ ಸಾಂತ್ವನವನ್ನೂ ನುಡಿಯದೆ ಮುಂದಿಡುವುದು ಇದರ ಧರ್ಮ. ಇದರ ಪ್ರಸಿದ್ಧ ಕೃತಿಗಳಲ್ಲಿ ಹಲವು ಸ್ತ್ರೀಯ ಹತ್ಯೆಯನ್ನೇ ಆಧರಿಸಿರುವುದರಿಂದ, ಆ ಹಿಂಸೆಯನ್ನು ಯಾರ ಕಣ್ಣಿನಿಂದ ಕಾಣಿಸಲಾಗಿದೆ, ಹತಳಾದವಳ ಬಾಳಿಗೆ ಎಷ್ಟು ಬೆಲೆ ಸಂದಿದೆ ಎಂಬ ಪ್ರಶ್ನೆಯನ್ನು ಬಿಟ್ಟು ಇದರ ಇತಿಹಾಸವನ್ನು ಬರೆಯುವುದು ಸಾಧ್ಯವಿಲ್ಲ.

ಮೂಲ: ಎಡ್ಗರ್ ಅಲನ್ ಪೋ 1841ರಲ್ಲಿ ಪ್ರಕಟಿಸಿದ, ಆಧುನಿಕ ಪತ್ತೇದಾರಿ ಕಥೆಗಳಲ್ಲಿ ಮೊದಲನೆಯದೆಂದು ಪರಿಗಣಿತವಾದ 'ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್' ತಾಯಿ ಮಗಳಿಬ್ಬರ ಘೋರ ಮರಣವನ್ನೇ ಆಧರಿಸಿದೆ. ಅದೇ ವರ್ಷ, ಹಿಂದೆ ನ್ಯೂಯಾರ್ಕಿನ ಹೊಗೆಸೊಪ್ಪಿನ ಅಂಗಡಿಯಲ್ಲಿ ಕೆಲಸಮಾಡಿದ್ದ ಮೇರಿ ರಾಜರ್ಸ್ ಎಂಬ ತರುಣಿಯ ಶವ ಹಡ್ಸನ್ ನದಿಯಲ್ಲಿ ದೊರೆಯಲು, ಪೋ ಆ ವೃತ್ತಾಂತವನ್ನು ಪ್ಯಾರಿಸ್ಸಿಗೆ ಸಾಗಿಸಿ 'ದಿ ಮಿಸ್ಟರಿ ಆಫ್ ಮೇರಿ ರೋಜೆ' ಎಂಬ ಕಥೆಯನ್ನು ರಚಿಸಿದನು. ಸುಂದರಿಯ ಮರಣಕ್ಕಿಂತ ಕಾವ್ಯೋಚಿತವಾದ ವಸ್ತುವಿಲ್ಲವೆಂದು 1846ರ ಪ್ರಬಂಧವೊಂದರಲ್ಲಿ ಅವನು ಪ್ರತಿಪಾದಿಸಿದುದನ್ನು ಇದರೊಡನೆ ಸೇರಿಸಿ ನೋಡಿದಾಗ, ನಿಜವಾಗಿ ಬಾಳಿ ಅಳಿದ ಹೆಣ್ಣೊಬ್ಬಳ ದುರ್ಮರಣವನ್ನು ತರ್ಕದ ಸಮಸ್ಯೆಯನ್ನಾಗಿಯೂ ಸೌಂದರ್ಯದ ಸಾಮಗ್ರಿಯನ್ನಾಗಿಯೂ ಬಳಸುವ ರೂಢಿ ಈ ಪ್ರಕಾರದ ಹುಟ್ಟಿನೊಡನೆಯೇ ಬಂದಿತೆಂಬುದು ಸ್ಪಷ್ಟವಾಗುತ್ತದೆ.

ಮಾಯಾವಿನಿಯ ಯುಗ: 1920ರಲ್ಲಿ ಆರಂಭವಾದ 'ಬ್ಲ್ಯಾಕ್ ಮಾಸ್ಕ್' ಮೊದಲಾದ ಅಗ್ಗದ ಪತ್ರಿಕೆಗಳು, ಪಾನನಿರೋಧದ ಕಾಲದ ಕಳ್ಳಭಟ್ಟಿ ಮತ್ತು ಗೂಂಡಾಗಿರಿಗಳ ಹಿನ್ನೆಲೆಯಲ್ಲಿ, ಒರಟು ಮಾತಿನ ಪತ್ತೇದಾರನನ್ನು ಬೆಳೆಸಿದವು. ಪಿಂಕರ್ಟನ್ ಸಂಸ್ಥೆಯಲ್ಲಿ ಸ್ವತಃ ಪತ್ತೇದಾರನಾಗಿದ್ದ ಡ್ಯಾಶಿಯಲ್ ಹ್ಯಾಮೆಟ್ಟನ 'ದಿ ಮಾಲ್ಟೀಸ್ ಫಾಲ್ಕನ್' (1930), ಜೇಮ್ಸ್ ಎಂ. ಕೇನನ 'ದಿ ಪೋಸ್ಟ್‌ಮನ್ ಆಲ್ವೇಸ್ ರಿಂಗ್ಸ್ ಟ್ವೈಸ್' (1934) ಇವುಗಳಲ್ಲಿ ಹೆಣ್ಣು ಪುರುಷನನ್ನು ಪತನಕ್ಕೆ ಸೆಳೆಯುವ ಮಾಯಾವಿನಿಯಾಗಿ ಕಾಣಿಸಿಕೊಂಡು, ಕಡೆಯಲ್ಲಿ ಸೆರೆಮನೆಯನ್ನೋ ಮರಣವನ್ನೋ ಹೊಂದುತ್ತಾಳೆ. ಅವಳಿಗೆ ಒದಗುವ ದುರ್ಗತಿಯು ಅವಳ ಪಾಪಕ್ಕೆ ತಕ್ಕ ಶಾಸ್ತಿಯೆಂಬಂತೆ ಕಥೆಯ ಬಂಧವೇ ಓದುಗನನ್ನು ಒಪ್ಪಿಸಿಬಿಡುತ್ತದೆ.

1947ರ ಕವಲು: ಈ ವರ್ಷದಲ್ಲಿ ಎರಡು ಪರಸ್ಪರ ವಿರುದ್ಧವಾದ ಮಾರ್ಗಗಳು ಒಮ್ಮೆಗೇ ತೆರೆದುಕೊಂಡವು. ಮಿಕಿ ಸ್ಪಿಲೇನನ 'ಐ, ದಿ ಜ್ಯೂರಿ'ಯಲ್ಲಿ ಪತ್ತೇದಾರ ಮೈಕ್ ಹ್ಯಾಮರ್ ತಾನೇ ನ್ಯಾಯಾಧೀಶನೂ ವಧಕನೂ ಆಗಿ, ವಿವಸ್ತ್ರಳಾಗುತ್ತಿರುವ ತನ್ನ ಪ್ರೇಯಸಿಯನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕಾಮವನ್ನೂ ಶಿಕ್ಷೆಯನ್ನೂ ಒಂದೇ ದೃಶ್ಯದಲ್ಲಿ ಬೆಸೆದ ಈ ಕಾದಂಬರಿಯ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು. ಅದೇ ವರ್ಷ ಹೊರಬಂದ ಡೊರೊಥಿ ಬಿ. ಹ್ಯೂಸಳ 'ಇನ್ ಎ ಲೋನ್ಲಿ ಪ್ಲೇಸ್' ಯುದ್ಧದಿಂದ ಮರಳಿದ ವಿಮಾನಚಾಲಕನೊಬ್ಬನು ಲಾಸ್ ಏಂಜಲೀಸಿನಲ್ಲಿ ನಡೆಸುವ ಸ್ತ್ರೀಹತ್ಯೆಗಳನ್ನು ಅವನ ಮನಸ್ಸಿನೊಳಗಿನಿಂದಲೇ ನಿರೂಪಿಸುವುದಾದರೂ, ಹತ್ಯೆಯ ಕ್ಷಣವನ್ನು ಒಮ್ಮೆಯೂ ಕಣ್ಣಿಗೆ ಹಬ್ಬವಾಗಿಸುವುದಿಲ್ಲ. ಅವನ ದ್ವೇಷದ ನೀಚತನವೇ ಅಲ್ಲಿ ಪರೀಕ್ಷೆಗೆ ಒಳಗಾಗುವುದು. ಅವನ ನಿಜಸ್ವರೂಪವನ್ನು ಪೊಲೀಸರಿಗಿಂತ ಮೊದಲು ಗ್ರಹಿಸುವವರು ಇಬ್ಬರು ಸ್ತ್ರೀಯರು. 1950ರಲ್ಲಿ ಇದನ್ನು ಚಲನಚಿತ್ರವಾಗಿಸಿದವರು ನಾಯಕನನ್ನು ಕೊಲೆಯ ಆರೋಪದಿಂದ ಮುಕ್ತಗೊಳಿಸಿ, ಹ್ಯೂಸಳ ದರ್ಶನದ ತೀಕ್ಷ್ಣತೆಯನ್ನು ಬಹುವಾಗಿ ತಗ್ಗಿಸಿದರು.

ಜಿಮ್ ಥಾಂಪ್ಸನ್ನನ 'ದಿ ಕಿಲ್ಲರ್ ಇನ್‌ಸೈಡ್ ಮಿ' (1952) ಕೊಲೆಗಾರನಾದ ಪೊಲೀಸ್ ಅಧಿಕಾರಿಯೊಬ್ಬನ ಬಾಯಿಂದಲೇ ಹೊರಡುವ ಕಥೆ. ಅವನ ಸೌಜನ್ಯದ ಮಾತಿನ ಅಡಿಯಲ್ಲಿರುವ ವಿಕೃತಿ ಓದುಗನಿಗೆ ಹೇಸಿಕೆ ಹುಟ್ಟಿಸಲೆಂದೇ ಬರೆದುದು. ಆದರೂ 2010ರಲ್ಲಿ ಇದು ಚಲನಚಿತ್ರವಾಗಿ ತೆರೆಗೆ ಬಂದಾಗ, ಸ್ತ್ರೀಯರನ್ನು ಥಳಿಸುವ ದೀರ್ಘ ದೃಶ್ಯಗಳು ಉಗ್ರವಾದ ಆಕ್ಷೇಪಣೆಗೆ ಗುರಿಯಾದವು. ನಿರೂಪಕನ ಮಾತಿಗೂ ಲೇಖಕನ ಅಭಿಪ್ರಾಯಕ್ಕೂ ನಡುವೆ ಬರವಣಿಗೆಯಲ್ಲಿ ಉಳಿಯುವ ಅಂತರ ದೃಶ್ಯಮಾಧ್ಯಮದಲ್ಲಿ ಎಷ್ಟು ಬೇಗ ಅಳಿಸಿಹೋಗಬಲ್ಲದೆಂಬುದಕ್ಕೆ ಇದು ನಿದರ್ಶನ.

1947ರ ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ಹತಳಾದ ಎಲಿಜಬೆತ್ ಶಾರ್ಟಳ ಪ್ರಕರಣವನ್ನು ಜೇಮ್ಸ್ ಎಲ್ರಾಯ್ ನಲವತ್ತು ವರ್ಷಗಳ ಅನಂತರ 'ದಿ ಬ್ಲ್ಯಾಕ್ ಡೇಲಿಯಾ' (1987) ಕಾದಂಬರಿಯ ವಸ್ತುವಾಗಿ ಮಾಡಿಕೊಂಡನು. ಅವನ ತಾಯಿ 1958ರಲ್ಲಿ, ಅವನು ಹತ್ತು ವರ್ಷದ ಬಾಲಕನಾಗಿದ್ದಾಗ, ಕೊಲೆಯಾಗಿದ್ದಳು. ಕೊಂದವನು ಸಿಕ್ಕಲೇ ಇಲ್ಲ. 'ಮೈ ಡಾರ್ಕ್ ಪ್ಲೇಸಸ್' (1996) ಎಂಬ ಆತ್ಮಕಥನದಲ್ಲಿ ಅವನು ತಾಯಿಯ ಕೊಲೆಗಾರನನ್ನು ಅರಸಹೊರಟು, ಕ್ರಮೇಣ ತಾಯಿಯ ಬಾಳನ್ನೇ ಅರಿಯಲು ಯತ್ನಿಸುವುದು ಈ ಸಾಹಿತ್ಯದ ಮಹತ್ತ್ವದ ಘಟ್ಟಗಳಲ್ಲೊಂದು.

ಲೇಖಕಿಯರ ಪ್ರತಿಭಟನೆ: ಸಾರಾ ಪರೆಟ್ಸ್ಕಿ 1982ರಲ್ಲಿ ವಿ. ಐ. ವಾರ್ಷಾವ್ಸ್ಕಿ ಎಂಬ ಸ್ತ್ರೀ ಪತ್ತೇದಾರಳನ್ನು ಸೃಷ್ಟಿಸಿದಳು. ಲೇಖಕಿಯರ ಕೃತಿಗಳಿಗೆ ವಿಮರ್ಶೆಯಲ್ಲಿ ತಕ್ಕ ಸ್ಥಾನ ದೊರೆಯದಿರುವುದನ್ನೂ ಸ್ತ್ರೀಯರ ಮೇಲಣ ಕ್ರೌರ್ಯದ ವರ್ಣನೆ ಹೆಚ್ಚುತ್ತಿರುವುದನ್ನೂ ಅವಳು ಖಂಡಿಸಿದುದರ ಫಲವಾಗಿ 1986ರಲ್ಲಿ 'ಸಿಸ್ಟರ್ಸ್ ಇನ್ ಕ್ರೈಮ್' ಸಂಘವು ಸ್ಥಾಪಿತವಾಯಿತು. ಜಪಾನಿನ ನಾಟ್ಸುಓ ಕಿರಿನೋ 'ಔಟ್' (1997) ಕಾದಂಬರಿಯಲ್ಲಿ, ಬುತ್ತಿ ಕಟ್ಟುವ ಕಾರ್ಖಾನೆಯ ರಾತ್ರಿಪಾಳಿಯಲ್ಲಿ ದುಡಿಯುವ ಹೆಂಗಸರ ನಡುವಿನಿಂದ, ಹೊಡೆಯುವ ಗಂಡನನ್ನು ಕೊಂದವಳ ಕಥೆಯನ್ನು ತೆಗೆದು, ಗೃಹಹಿಂಸೆಯನ್ನು ಕೂಲಿ, ಸಾಲ, ಬಡತನಗಳ ಸಂದರ್ಭದಲ್ಲಿಟ್ಟು ತೋರಿಸಿದಳು. ಸ್ವೀಡನ್ನಿನ ಸ್ಟೀಗ್ ಲಾರ್ಸನ್ನನ ಮೊದಲ ಕಾದಂಬರಿ ಅವನ ಮರಣಾನಂತರ 2005ರಲ್ಲಿ 'ಸ್ತ್ರೀಯರನ್ನು ದ್ವೇಷಿಸುವ ಪುರುಷರು' ಎಂಬರ್ಥದ ಶೀರ್ಷಿಕೆಯಿಂದ ಪ್ರಕಟವಾಯಿತು. ಅದರ ಭಾಗಗಳ ಆರಂಭದಲ್ಲಿ ಆ ದೇಶದ ಸ್ತ್ರೀಹಿಂಸೆಯ ಅಂಕಿಅಂಶಗಳನ್ನು ಕೊಟ್ಟಿದೆ. ಹಿಂಸೆಯನ್ನು ಖಂಡಿಸಹೊರಟ ಆ ಕೃತಿಯೇ ಅದನ್ನು ಅತಿವಿವರವಾಗಿ ವರ್ಣಿಸಿದೆಯೆಂಬ ಆಕ್ಷೇಪಣೆಯೂ ಬಂದಿತು.

ಮೌಲ್ಯವಿಚಾರ: ಸ್ತ್ರೀಯನ್ನು ಥಳಿಸುವ, ಬೆನ್ನಟ್ಟುವ, ಅತ್ಯಾಚಾರಕ್ಕೀಡುಮಾಡುವ ಅಥವಾ ಕೊಲ್ಲುವ ಪ್ರಸಂಗಗಳಿಲ್ಲದ ರೋಮಾಂಚಕ ಕಾದಂಬರಿಗೆಂದು 2018ರಲ್ಲಿ ಬ್ರಿಟನ್ನಿನಲ್ಲಿ 'ಸ್ಟಾಂಚ್' ಬಹುಮಾನವನ್ನು ಸ್ಥಾಪಿಸಲಾಯಿತು. ಲೋಕದಲ್ಲಿ ಈ ಹಿಂಸೆ ಇರುವತನಕ ಅದನ್ನು ಕುರಿತು ಬರೆಯುವುದು ಅಗತ್ಯವೆಂದು ಸ್ಕಾಟ್ಲೆಂಡಿನ ವ್ಯಾಲ್ ಮೆಕ್‌ಡರ್ಮಿಡ್ ಮೊದಲಾದ ಲೇಖಕಿಯರು ಇದನ್ನು ವಿರೋಧಿಸಿದರು. ಇಲ್ಲಿ ಸಂಕ್ಷೇಪಿಸಿದ ಇತಿಹಾಸವು ಈ ಎರಡನೆಯ ಪಕ್ಷವನ್ನೇ ಸಮರ್ಥಿಸುತ್ತದೆ; ಆದರೆ ಅದಕ್ಕೊಂದು ಕರ್ತವ್ಯವನ್ನೂ ಕೂಡಿಸುತ್ತದೆ. ಕೊಂದವನ ಜಾಣ್ಮೆಯನ್ನು ವರ್ಣಿಸಲು ವ್ಯಯಮಾಡಿದ ಪ್ರತಿಭೆಯನ್ನು, ಮಡಿದವಳು ಏನನ್ನು ಬಯಸಿದ್ದಳು, ಯಾರಿಗೆ ಬೇಕಾದವಳಾಗಿದ್ದಳು, ಅವಳ ಮೊರೆಯನ್ನು ಯಾರು ಕೇಳಲಿಲ್ಲ ಎಂಬುದನ್ನು ತಿಳಿಸುವುದಕ್ಕೂ ವ್ಯಯಮಾಡಿದ ಲೇಖಕನು ಮಾತ್ರ ಆ ಹಿಂಸೆಯನ್ನು ಚಿತ್ರಿಸುವ ಅಧಿಕಾರವನ್ನು ಗಳಿಸುತ್ತಾನೆ.