ಊರಿನ ಬೀಳು ಜಮೀನಿನಲ್ಲಿ ನಾಡಮರಗಳು: ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಪರಿಚಯ

ಹೊರನಾಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಒಂದೆರಡು ಎಕರೆ ಜಮೀನು ಇನ್ನೂ ಉಳಿದಿದೆ. ಹಿರಿಯರು ಇರುವವರೆಗೆ ಅಲ್ಲಿ ರಾಗಿಯೋ ಜೋಳವೋ ಭತ್ತವೋ ಬೆಳೆಯುತ್ತಿತ್ತು. ಅವರ ಕಾಲಾನಂತರ ಆ ಭೂಮಿ ಬೀಳುಬಿದ್ದು ಲಂಟಾನ, ಪಾರ್ಥೇನಿಯಂ ಕಳೆಗಳ ಪಾಲಾಗಿದೆ. ಮಾರಲು ಮನಸ್ಸಿಲ್ಲ, ಸಾಗುವಳಿ ಮಾಡಲು ಜನರಿಲ್ಲ. 1974ರ ತಿದ್ದುಪಡಿಯ ನಂತರ ಕರ್ನಾಟಕದ ಭೂಸುಧಾರಣಾ ಕಾಯ್ದೆಯು ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿರುವುದರಿಂದ ಆ ದಾರಿಯೂ ಮುಚ್ಚಿದೆ. ಇಂಥ ಜಮೀನಿನಲ್ಲಿ ಆಯಾ ಸೀಮೆಯ ಮರಗಳನ್ನು ಮರಳಿ ಬೆಳೆಸಲು ಸರಕಾರದ ನೆರವು ದೊರೆಯುವುದೇ ಎಂದು ಸದಸ್ಯಮಿತ್ರರು ಆಗಾಗ ವಿಚಾರಿಸುವುದುಂಟು. ಅವರ ಅನುಕೂಲಕ್ಕಾಗಿ ಕರ್ನಾಟಕ ಅರಣ್ಯ ಇಲಾಖೆಯ 'ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ'ಯ ವಿವರಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಹಿನ್ನೆಲೆ

ಖಾಸಗಿ ಜಮೀನಿನಲ್ಲಿ ಮರ ಬೆಳೆಸಲು ಸರಕಾರ ಪ್ರೋತ್ಸಾಹ ನೀಡುವುದು ಹೊಸ ವಿಚಾರವಲ್ಲ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ಕರ್ನಾಟಕದಲ್ಲಿ ವ್ಯಾಪಕವಾಗಿ ನಡೆಯಿತು. ಆದರೆ ಆಗ ರೈತರ ಹೊಲಗಳನ್ನು ಸೇರಿದ ಸಸಿಗಳಲ್ಲಿ ಬಹುಪಾಲು ನೀಲಗಿರಿಯದಾಗಿತ್ತು. ಆಸ್ಟ್ರೇಲಿಯಾ ಮೂಲದ ಈ ಮರ ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟಕ್ಕೆ ಬಂತೆಂದು ಹೇಳುತ್ತಾರೆ. ಕೋಲಾರ, ಬೆಂಗಳೂರು ಗ್ರಾಮಾಂತರ, ತುಮಕೂರು ಭಾಗಗಳಲ್ಲಿ ರಾಗಿಯ ಹೊಲಗಳು ನೀಲಗಿರಿ ತೋಪುಗಳಾದವು. ಇದನ್ನು ವಿರೋಧಿಸಿ 1983ರಲ್ಲಿ ರೈತ ಸಂಘದ ಕಾರ್ಯಕರ್ತರು ತುಮಕೂರು ಜಿಲ್ಲೆಯ ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿದ ಘಟನೆ ಹಿರಿಯ ಓದುಗರಿಗೆ ನೆನಪಿರಬಹುದು. ಕೊನೆಗೆ 2017ರಲ್ಲಿ ರಾಜ್ಯ ಸರಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು.

ಈ ಅನುಭವದಿಂದ ಎರಡು ಪಾಠಗಳು ದೊರೆತವು. ಯಾವ ಮರಕ್ಕೆ ಹಣ ಕೊಡುತ್ತೇವೆ ಎಂಬುದು ಮುಖ್ಯ. ಹಾಗೆಯೇ ನೆಟ್ಟದ್ದಕ್ಕೆ ಹಣವೋ ಬದುಕಿದ್ದಕ್ಕೆ ಹಣವೋ ಎಂಬುದೂ ಮುಖ್ಯ. 2011–12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಈ ಎರಡು ಪ್ರಶ್ನೆಗಳಿಗೂ ತನ್ನದೇ ಉತ್ತರ ಕೊಟ್ಟಿದೆ.

ನೆರವಿನ ಲೆಕ್ಕ

ಯೋಜನೆಯ ಕ್ರಮ ಸರಳವಾಗಿದೆ. ಭೂಮಾಲೀಕರು ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿಗಳನ್ನು ಪಡೆದು, ಮಳೆಗಾಲದ ಆರಂಭದಲ್ಲಿ ನೆಡಬೇಕು. ವರ್ಷ ತುಂಬಿದ ಮೇಲೆ ಇಲಾಖೆಯವರು ಸ್ಥಳಕ್ಕೆ ಬಂದು ಬದುಕಿರುವ ಸಸಿಗಳನ್ನು ಎಣಿಸುತ್ತಾರೆ. ಆ ಎಣಿಕೆಯ ಪ್ರಕಾರ ಪ್ರೋತ್ಸಾಹಧನ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಹೀಗೆ ಮೂರು ವರ್ಷ ನಡೆಯುತ್ತದೆ. ಆರಂಭದಲ್ಲಿ ಕಡಿಮೆಯಿದ್ದ ದರಗಳನ್ನು ಕ್ರಮೇಣ ಏರಿಸಲಾಯಿತು. ಪರಿಷ್ಕೃತ ದರದಂತೆ ಬದುಕಿದ ಪ್ರತಿ ಸಸಿಗೆ ಮೊದಲ ವರ್ಷ 35 ರೂಪಾಯಿ, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ. ಒಂದು ಜಮೀನಿಗೆ ಎಷ್ಟು ಸಸಿ ಎಂಬುದಕ್ಕೆ ಮಿತಿಯುಂಟು. ದರ, ಮಿತಿಗಳು ಪರಿಷ್ಕರಣೆಗೆ ಒಳಪಡುವುದರಿಂದ ನೋಂದಣಿಗೆ ಮೊದಲು ವಲಯ ಕಚೇರಿಯಲ್ಲಿ ಕೇಳಿ ತಿಳಿಯುವುದು ಒಳ್ಳೆಯದು.

ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ಆಯುಷ್ಯ ಕಳೆದ ನಮಗೆ ಇದನ್ನು ಅಂಕಿಗಳಲ್ಲಿ ನೋಡದೆ ಸಮಾಧಾನವಿಲ್ಲ. ನೂರು ಸಸಿ ನೆಟ್ಟು ನೂರೂ ಉಳಿದರೆ ಮೂರು ವರ್ಷಕ್ಕೆ 3,500, 4,000 ಮತ್ತು 5,000, ಒಟ್ಟು 12,500 ರೂಪಾಯಿ. ಮೊದಲ ವರ್ಷಕ್ಕೆ 80, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಉಳಿದರೆ ಒಟ್ಟು 8,600. ಮೊದಲ ಬೇಸಿಗೆಯಲ್ಲೇ ಎಲ್ಲವೂ ಒಣಗಿದರೆ ಬರುವುದು ಸೊನ್ನೆ. ಅಂದರೆ ಇದು ಸಾಲವೂ ಅಲ್ಲ, ಮುಂಗಡ ಸಹಾಯಧನವೂ ಅಲ್ಲ. ಖರ್ಚು ಮೊದಲು ನಮ್ಮದು, ಹಣ ಆಮೇಲೆ ಸರಕಾರದ್ದು. ಲೆಕ್ಕವೂ ಸಸಿಯದೇ ಹೊರತು ಬೇಲಿಯದಲ್ಲ, ಕಾವಲಿನದಲ್ಲ. ಹಳೆಯ ಬೇರುಗಳಿಂದ ತಾನಾಗಿ ಚಿಗುರಿದ ಮತ್ತಿ, ಹೊನ್ನೆಗಳನ್ನು ಕಾಯ್ದು ಬೆಳೆಸಿದರೆ ಭೂಮಿಗೆ ಅದೇ ಹೆಚ್ಚಿನ ಉಪಕಾರವಾದರೂ ಅದಕ್ಕೆ ಈ ಯೋಜನೆಯಲ್ಲಿ ಹಣವಿಲ್ಲ.

ಕೇಂದ್ರ ಸರಕಾರವು 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನು ಪ್ರಕಟಿಸಿ, 2016–17ರಲ್ಲಿ ಕೃಷಿ ಅರಣ್ಯ ಉಪ ಅಭಿಯಾನವನ್ನು ಆರಂಭಿಸಿತು. ಅದರಲ್ಲಿ ವೆಚ್ಚದ ಅರ್ಧವನ್ನು ಸರಕಾರ ಭರಿಸಿ, ನಾಲ್ಕು ವರ್ಷಗಳಲ್ಲಿ ಶೇಕಡಾ 40, 20, 20, 20ರಂತೆ ಹಂಚಿ ಕೊಡುವ ಕ್ರಮವಿತ್ತು. ಮುಂದೆ ಆ ಕಾರ್ಯಕ್ರಮವನ್ನು ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯೊಳಗೆ ಸೇರಿಸಿ, ಗುಣಮಟ್ಟದ ಸಸಿ ಬೆಳೆಸುವ ನರ್ಸರಿಗಳಿಗೆ ಒತ್ತು ಕೊಡಲಾಯಿತು.

ಯಾವ ಮರ ನೆಡಬೇಕು

ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್, ಗಾಳಿಮರ, ಸುಬಾಬುಲ್, ರಬ್ಬರ್ ಮರಗಳಿಗೆ ಈ ಯೋಜನೆಯಲ್ಲಿ ಪ್ರೋತ್ಸಾಹಧನವಿಲ್ಲ. ತೆಂಗು, ಅಡಿಕೆ, ಕಿತ್ತಳೆ ಜಾತಿಯ ತೋಟದ ಬೆಳೆಗಳಿಗೂ ಇಲ್ಲ. ಹಾಗೆಂದು ನಾಡಮರಗಳನ್ನೇ ನೆಡಬೇಕೆಂಬ ಕಡ್ಡಾಯವೂ ಇಲ್ಲ. ಇಡೀ ಜಮೀನಿಗೆ ತೇಗವೊಂದನ್ನೇ ಹಾಕಿದರೂ ಹಣ ಬರುತ್ತದೆ. ಆದುದರಿಂದ ಆಯ್ಕೆಯ ಹೊಣೆ ನಮ್ಮದೇ.

ಬಯಲುಸೀಮೆಗೆ ಹೊಂಗೆ, ಬೇವು, ನೇರಳೆ, ನೆಲ್ಲಿ, ಹಿಪ್ಪೆ, ಕಮರ, ಬಿಲ್ವ ಒಗ್ಗುತ್ತವೆ. ಮಲೆನಾಡು, ಕರಾವಳಿಗಳಿಗೆ ಹೊನ್ನೆ, ಮತ್ತಿ, ನಂದಿ, ಹೆಬ್ಬಲಸು, ಹಲಸು, ಉಪ್ಪಾಗೆ, ಮುರುಗಲು ತಕ್ಕವು. ಊರಿನ ದೇವರಕಾಡಿನಲ್ಲಿ, ಹಳೆಯ ಬದುಗಳ ಮೇಲೆ, ಹಳ್ಳದ ದಂಡೆಯಲ್ಲಿ ಇಂದಿಗೂ ನಿಂತಿರುವ ಮರಗಳನ್ನು ಒಮ್ಮೆ ನೋಡಿಬಂದರೆ ಯಾವ ಪುಸ್ತಕದ ಪಟ್ಟಿಯೂ ಬೇಕಾಗದು. ಒಂದೇ ಜಾತಿಯನ್ನು ಸಾಲಾಗಿ ನೆಡುವುದಕ್ಕಿಂತ ಹತ್ತಾರು ಜಾತಿಗಳನ್ನು ಬೆರೆಸಿ ನೆಡುವುದು ಲೇಸು. ಒಂದಕ್ಕೆ ರೋಗ ತಗಲಿದರೂ ಮಿಕ್ಕವು ಉಳಿಯುತ್ತವೆ.

ಕಡಿಯುವ ಕಾನೂನು

ನಾಡಮರಗಳನ್ನು ನೆಡಲು ರೈತರು ಹಿಂಜರಿಯುವುದಕ್ಕೆ ಒಂದು ಕಾರಣ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕೆನ್ನುವ ಈ ಕಾಯ್ದೆಯಲ್ಲಿ ನೀಲಗಿರಿ, ಗಾಳಿಮರ, ಸಿಲ್ವರ್ ಓಕ್ ಮುಂತಾದವುಗಳಿಗೆ ವಿನಾಯಿತಿ ಕೊಡಲಾಗಿದೆ. ಇದರಿಂದ ಪರದೇಶದ ಮರ ಬೆಳೆದವನಿಗೆ ಓಡಾಟವಿಲ್ಲ, ಹೊನ್ನೆ ಬೆಳೆದವನಿಗೆ ಕಚೇರಿಯ ಓಡಾಟ ತಪ್ಪಿದ್ದಲ್ಲ ಎಂಬಂತಾಯಿತು. ಮುಂದೆ ತೊಂದರೆಯಾದೀತೆಂದು ಬದುವಿನಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಕಿತ್ತೆಸೆದವರನ್ನೂ ನಾವು ಬಲ್ಲೆವು. ಕಾಪಾಡಲೆಂದು ಮಾಡಿದ ನಿಯಮವೇ ಬೆಳೆಯುವುದಕ್ಕೆ ಅಡ್ಡಿಯಾದದ್ದು ಹೀಗೆ.

ಶ್ರೀಗಂಧದ ವಿಷಯದಲ್ಲಿ ಇದೇ ಆಗಿತ್ತು. ಖಾಸಗಿ ಜಮೀನಿನಲ್ಲಿ ಬೆಳೆದ ಗಂಧದ ಮರವೂ ಸರಕಾರದ್ದೇ ಎಂಬ ನಿಯಮವಿದ್ದಷ್ಟು ಕಾಲ ಅದನ್ನು ಬೆಳೆಸುವ ಉತ್ಸಾಹ ಯಾರಿಗೂ ಇರಲಿಲ್ಲ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಮರದ ಒಡೆತನ ಭೂಮಾಲೀಕರಿಗೆ ದೊರೆತ ಮೇಲೆ ಗಂಧದ ಕೃಷಿ ಚೇತರಿಸಿಕೊಂಡಿತು. ಆದರೂ ಕಳ್ಳತನದ ಭಯವಿರುವ ಈ ಮರವನ್ನು ದೂರದಲ್ಲಿರುವವರು ನೆಡುವ ಮುನ್ನ ಎರಡು ಬಾರಿ ಯೋಚಿಸಬೇಕು.

ಈ ತೊಡಕಿಗೆ ಒಂದು ಪರಿಹಾರ, ಕಡಿಯದೆಯೇ ಆದಾಯ ಕೊಡುವ ಮರಗಳನ್ನು ಆರಿಸಿಕೊಳ್ಳುವುದು. ಹೊಂಗೆಯ ಬೀಜ ಎಣ್ಣೆಗೆ, ಸೊಪ್ಪು ಗೊಬ್ಬರಕ್ಕೆ. ಉಪ್ಪಾಗೆ, ಮುರುಗಲುಗಳ ಸಿಪ್ಪೆಗೆ ಒಳ್ಳೆಯ ಮಾರುಕಟ್ಟೆಯುಂಟು. ನೆಲ್ಲಿ, ನೇರಳೆ, ಹಲಸುಗಳ ಮಾತು ಹೇಳಬೇಕಾಗಿಲ್ಲ.

ದಾಖಲೆಗಳು

ಹೊರನಾಡಿನ ಕುಟುಂಬಗಳಿಗೆ ಎದುರಾಗುವ ಮೊದಲ ತೊಡಕು ಮಣ್ಣಿನದಲ್ಲ, ಪಹಣಿಯದು. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿಯಲ್ಲಿ ಅವರ ಹೆಸರೇ ಇರುತ್ತದೆ. ಮೃತರ ಹೆಸರಿಗೆ ನೋಂದಣಿಯೂ ಇಲ್ಲ, ಅವರ ಖಾತೆಗೆ ಜಮೆಯೂ ಇಲ್ಲ. 'ಭೂಮಿ' ಯೋಜನೆಯಲ್ಲಿ ಪಹಣಿಗಳು ಗಣಕೀಕೃತವಾಗಿರುವುದರಿಂದ ಯಾರ ಹೆಸರಿನಲ್ಲಿದೆ ಎಂಬುದನ್ನು ಇಲ್ಲಿಂದಲೇ ನೋಡಬಹುದು. ಹೆಸರು ಬದಲಾಗಿಲ್ಲದಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷಗಳೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರು ಹಲವರಿದ್ದಲ್ಲಿ ಹಣ ಯಾರ ಖಾತೆಗೆ ಬರಬೇಕು, ಮುಂದೆ ಮರಗಳು ಯಾರವು ಎಂಬುದನ್ನು ಸಸಿ ನೆಡುವ ಮೊದಲೇ ಬರಹದಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಸಸಿ ಬೆಳೆದಂತೆ ಜಗಳವೂ ಬೆಳೆದದ್ದನ್ನು ನಾವು ಕಂಡಿದ್ದೇವೆ.

ಮೂರು ಬೇಸಿಗೆಗಳು

ಕಾಗದಪತ್ರ ಸರಿಯಾದ ಮೇಲೂ ನಿಜವಾದ ಪರೀಕ್ಷೆ ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲಿ. ನಮ್ಮ ಮನೆತನದ ಎರಡೆಕರೆಯಲ್ಲಿ ಒಂದು ಜೂನ್ ತಿಂಗಳಲ್ಲಿ ಇನ್ನೂರು ಸಸಿಗಳನ್ನು ಸಂಭ್ರಮದಿಂದ ನೆಟ್ಟು, ವಾರ ತುಂಬುವ ಮೊದಲೇ ರೈಲು ಹತ್ತಿ ಬಂದೆವು. ದಸರೆಗೆ ಹೋದಾಗ ಎಲ್ಲವೂ ಹಸಿರಾಗಿದ್ದವು. ಯುಗಾದಿಗೆ ಹೋದಾಗ ಮೇಕೆಗಳು ಅರ್ಧವನ್ನು ಮೇದಿದ್ದವು, ಮಿಕ್ಕವುಗಳಲ್ಲಿ ಹೆಚ್ಚಿನವು ಒಣಹುಲ್ಲಿಗೆ ಬಿದ್ದ ಬೆಂಕಿಗೆ ಆಹುತಿಯಾಗಿದ್ದವು. ಎಣಿಕೆಗೆ ಸಿಕ್ಕಿದ್ದು ಹದಿನೇಳು. ನಮ್ಮ ಖಾತೆಗೆ ಜಮೆಯಾದ ಮೊದಲ ಕಂತು 595 ರೂಪಾಯಿ. ಯಾರನ್ನೂ ದೂರುವಂತಿರಲಿಲ್ಲ, ಯೋಜನೆ ತಾನು ಹೇಳಿದ್ದನ್ನೇ ಮಾಡಿತ್ತು.

ಮರುವರ್ಷ ಅರವತ್ತು ಸಸಿಗಳನ್ನಷ್ಟೇ ನೆಟ್ಟೆವು. ಸುತ್ತ ಅಗಳು ತೋಡಿಸಿ ಮುಳ್ಳುಬೇಲಿ ಹಾಕಿಸಿದೆವು. ಡಿಸೆಂಬರಿನಲ್ಲಿ ಹುಲ್ಲು ಸವರಿಸಿ ಬೆಂಕಿತಡೆ ಪಟ್ಟಿ ಮಾಡಿಸಿ, ಬುಡಕ್ಕೆ ತರಗೆಲೆ ಮುಚ್ಚಿಸಿದೆವು. ಫೆಬ್ರವರಿಯಿಂದ ಮೇ ತನಕ ವಾರಕ್ಕೊಮ್ಮೆ ನೀರುಣಿಸಲು ನೆರೆಮನೆಯವರಿಗೆ ತಿಂಗಳ ಸಂಬಳ ಗೊತ್ತುಮಾಡಿದೆವು. ಇದು ಕೂಲಿಯ ಒಪ್ಪಂದವೇ ಹೊರತು ಗೇಣಿಯಲ್ಲವೆಂದು ಬರೆದಿಟ್ಟೆವು. ಸಂಬಳದ ಮೊತ್ತ ಪ್ರೋತ್ಸಾಹಧನವನ್ನು ಮೀರಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಗಿಡಗಳು ಉಳಿದವು. ಅಕ್ಕಪಕ್ಕದ ಜಮೀನಿನ ನಾಲ್ಕಾರು ಕುಟುಂಬಗಳು ಸೇರಿ ಒಬ್ಬರನ್ನೇ ನೇಮಿಸಿದರೆ ಈ ಹೊರೆ ಹಗುರವಾಗುತ್ತದೆ. ಒಂದೇ ಊರಿನವರು ಒಂದೇ ಸಂಘದಲ್ಲಿರುವುದರ ಲಾಭವನ್ನು ಇಲ್ಲಿ ಪಡೆಯಬಹುದು.

ಸರಕಾರದ ಹಣವನ್ನು ನಂಬಿ ಯಾರೂ ಕಾಡು ಬೆಳೆಸಲಾರರು. ಬೆಳೆಸಬೇಕೆಂದು ನಿಶ್ಚಯಿಸಿದವರಿಗೆ ಆ ಹಣ ಊರುಗೋಲಾಗಬಲ್ಲುದು, ಅಷ್ಟೇ. ಈ ಯೋಜನೆ ಮೂರು ವರ್ಷ ಸತತವಾಗಿ ಬಂದು ಎಣಿಸುವುದರಿಂದ ನಾವೂ ಮೂರು ವರ್ಷ ಊರಿನತ್ತ ಕಣ್ಣಿಡಬೇಕಾಗುತ್ತದೆ. ಹಬ್ಬಕ್ಕೆ ಹೋದ ಮಕ್ಕಳು ತಮ್ಮ ಹೊಲದ ಗಿಡಗಳನ್ನು ಎಣಿಸಿ ಬರುವಂತಾದರೆ ಅದೂ ಒಂದು ಗಳಿಕೆಯೇ. ಆಸಕ್ತರು ಈ ಬೇಸಿಗೆಯಲ್ಲೇ ಪಹಣಿಯನ್ನು ಪರಿಶೀಲಿಸಿ, ಗುಂಡಿ ತೆಗೆಸಿ, ಮುಂಗಾರಿಗೆ ಮೊದಲು ವಲಯ ಅರಣ್ಯ ಕಚೇರಿಯನ್ನು ಸಂಪರ್ಕಿಸಬೇಕಾಗಿ ವಿನಂತಿ.